ಡಬ್ಬಿಯಲ್ಲಿ ಬಂದ ಮೂರನೆಯ ಹೆಸರು

ಓಹೊಯ್ನಾನ್, ಕೇಯ್ ಬೆಸಾರ್
14 ಮೇ 2018

ಡೋರ್ಕಾಸ್,

ನಮ್ಮಿಬ್ಬರ ಪ್ರೋಗ್ರಾಂ ಮೆತಿಯ ದಾಖಲೆಯಲ್ಲಿ ಮೂರನೆಯ ಹೆಸರೊಂದು ಬಂದಿದೆ. ನನಗೆ ಇದನ್ನು ತಿಳಿಸಿದ್ದು ನೀನಲ್ಲ, ಕಂಪ್ಯೂಟರಿನ ಲಾಗ್.

ಡಬ್ಬಿ ಶನಿವಾರ ಬಂತು. ಹಡಗಿನ ಅಡುಗೆಯ ಎಲಿಯಾಸ್ ಅದನ್ನು ತುವಾಲ್ ಬಂದರಿನಲ್ಲಿ ಇಳಿಸಿ ಎಲಾತ್‌ನ ದೋಣಿಯವನಿಗೆ ಕೊಟ್ಟಿದ್ದ. ಅದೇ ಬಿಸ್ಕತ್ತಿನ ಡಬ್ಬಿ, ಪ್ಲಾಸ್ಟಿಕ್ ಸುತ್ತಿದ ಪೆನ್‌ಡ್ರೈವ್, ನಿನ್ನ ಅರ್ಧ ಪುಟದ ಕಾಗದ. ಕಾಗದದಲ್ಲಿ ಅಂಬೋನ್‌ನ ಮಳೆ ಇದೆ, ನಿನ್ನಮ್ಮನ ಮಂಡಿನೋವು ಇದೆ. ಆ ಹೆಸರಿಲ್ಲ. ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಎಂದು ಹೇಳದೆ ಏನನ್ನೂ ಕಳಿಸಬಾರದು, ಪ್ರತಿ ಡಬ್ಬಿಯ ಜೊತೆ ಒಂದು ಕಾಗದ ಇರಲೇಬೇಕು ಎಂದು ಆರು ವರ್ಷದ ಹಿಂದೆ ನಿಯಮ ಮಾಡಿದವಳು ನೀನೇ.

ಪೆನ್‌ಡ್ರೈವಿನಲ್ಲಿ ಇದ್ದದ್ದನ್ನು ನನ್ನ ಪ್ರತಿಗೆ ತಂದುಕೊಂಡೆ. ನನ್ನಲ್ಲಿ ಇಲ್ಲದ ಕಮಿಟ್‌ಗಳು ನಲವತ್ತೊಂದು. ಅಂದರೆ ನಲವತ್ತೊಂದು ಸಲ ಯಾರೋ ಒಂದು ತಿದ್ದುಪಡಿ ಮಾಡಿ, ಹೆಸರು ಹಾಕಿ, ಮುಚ್ಚಿದ್ದಾರೆ. ಅದರಲ್ಲಿ ಹದಿನಾಲ್ಕು ನಿನ್ನವು. ಉಳಿದ ಇಪ್ಪತ್ತೇಳರ ಎದುರಿಗೆ ಒಂದೇ ಹೆಸರು: ಶರಿಫಾ ತುವಾನಾಯಾ.

ಲಾಗ್ ಹೆಸರಿನ ಜೊತೆ ಗಂಟೆಯನ್ನೂ ಬರೆದಿಡುತ್ತದೆ ಎಂಬುದನ್ನು ನೀನು ಮರೆತಿರಬೇಕು. ಏಪ್ರಿಲ್ 9, ಬೆಳಿಗ್ಗೆ 7.40 ನಿನ್ನದು. 7.52 ಅವಳದು. 8.05 ನಿನ್ನದು. 8.11 ಅವಳದು. ಹನ್ನೊಂದು ದಿನ ಹೀಗೇ ಇದೆ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತಿದ್ದೀರಿ. 'ಬೆಳಿಗ್ಗೆ ಹೊತ್ತು ಉಸಿರಾಡೋಕೂ ಪುರುಸೊತ್ತಿಲ್ಲ ಕಣೇ' ಎಂದು ಮಾರ್ಚ್‌ನಲ್ಲಿ ಬರೆದವಳು ನೀನು. ಆ ಕಾಗದ ನನ್ನ ಹತ್ತಿರ ಇದೆ.

ಅವಳು ಕೈಹಾಕಿರುವುದು ಚಂದ್ರನ ಲೆಕ್ಕದ ಕಡತಕ್ಕೆ. ಅದು ನಾನು ಬರೆದದ್ದು. ಅವಳಿಗೆ ಹೇಳು: ಮೆತಿ ಆಟದ ಸಾಮಾನಲ್ಲ. ನೀರು ಯಾವಾಗ ತೀರಾ ಇಳಿಯುತ್ತದೆ, ಯಾವಾಗ ತಿರುಗುತ್ತದೆ ಎಂದು ಅದು ಕೊಡುವ ಪಟ್ಟಿಯನ್ನು ಇಲ್ಲಿ ಹನ್ನೊಂದು ಊರಿನ ಹಲಗೆಗೆ ಅಂಟಿಸುತ್ತಾರೆ. ಅದನ್ನು ನೋಡಿಕೊಂಡು ಹೆಂಗಸರು ಬುಟ್ಟಿ ಹಿಡಿದು, ಸಮುದ್ರ ಬಿಟ್ಟುಹೋದ ನೆಲದ ಮೇಲೆ ಒಂದೂವರೆ ಕಿಲೋಮೀಟರ್ ನಡೆದುಹೋಗಿ ಚಿಪ್ಪು ಆರಿಸುತ್ತಾರೆ. ಪಟ್ಟಿ ಹೇಳಿದ ಹೊತ್ತಿಗೆ ಹಿಂದಕ್ಕೆ ಹೊರಡುತ್ತಾರೆ.

ಏಪ್ರಿಲ್ ಅಮಾವಾಸ್ಯೆಯ ಮರುದಿನ ಲಂಬೇರ್ತಾ ಅತ್ತೆ ತೊಡೆ ಮಟ್ಟದ ನೀರಿನಲ್ಲಿ ದಡ ಸೇರಿದಳು. ಬುಟ್ಟಿ ತೇಲಿಹೋಗಿತ್ತು. ಎಲ್ಲರೆದುರು ನನ್ನನ್ನು ನಿಲ್ಲಿಸಿ ಕೇಳಿದಳು: "ಏನೇ ಓವಿ, ನಿನ್ನ ಕಾಗದ ನೋಡಿದ್ರೆ ನೀರು ಇನ್ನೂ ಇಳೀತಾ ಇದೆ ಅನ್ನುತ್ತೆ. ಸಮುದ್ರಕ್ಕೆ ಯಾರು ಹೇಳೋರು, ನೀನಾ ನಾನಾ?"

ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ. ನಾನೇ ಹುಡುಕುತ್ತೇನೆ. ಬೇರೆಯವರ ಅಗತ್ಯವಿಲ್ಲ.

ಇಬ್ಬರಲ್ಲಿ ಒಬ್ಬಳು,
ಓವಿ


ಅಂಬೋನ್
28 ಮೇ 2018

ಓವಿ,

ಎಲಾತ್‌ನ ಹೊಸ ಇಂಟರ್ನೆಟ್ ಗೋಪುರ ಆಗಸ್ಟ್‌ನಲ್ಲಿ ಕೆಲಸ ಶುರುಮಾಡುತ್ತದೆ. ನಿಮ್ಮ ಹನ್ನೊಂದು ಊರಿನ ಸಮಿತಿಯ ಕಾರ್ಯದರ್ಶಿ ಬೆರ್ತುಸ್ ಫೋನ್ ಮಾಡಿ ಹೇಳಿದರು. ಸೆಪ್ಟೆಂಬರ್ 22ಕ್ಕೆ ಎಲಾತ್‌ನಲ್ಲಿ ಸಭೆ. ಇಂಟರ್ನೆಟ್ ಬಂದ ಮೇಲೆ ಊರುಗಳು ಮೆತಿಯನ್ನು ಯಾರ ಪ್ರತಿಯಿಂದ ತೆಗೆದುಕೊಳ್ಳಬೇಕು, ನಿನ್ನದರಿಂದಲೋ ನನ್ನದರಿಂದಲೋ ಎಂಬುದನ್ನು ಅಲ್ಲಿ ತೀರ್ಮಾನ ಮಾಡುತ್ತಾರಂತೆ. ಅಕ್ಟೋಬರ್‌ನ ದೊಡ್ಡ ಇಳಿತದ ಪಟ್ಟಿ ಆ ಪ್ರತಿಯಿಂದಲೇ ಮುದ್ರಣವಾಗುತ್ತದೆ.

"ಮೂಲ ಪ್ರತಿ ಯಾರ ಹತ್ರ ಇದೆಯಮ್ಮಾ?" ಎಂದು ಕೇಳಿದರು. ಹಾಗೆ ಮೂಲ ಅಂತ ಒಂದಿಲ್ಲ, ಇಬ್ಬರ ಹತ್ತಿರವೂ ಮೊದಲಿನಿಂದ ಕೊನೆಯವರೆಗೆ ಪೂರ್ತಿ ಇದೆ, ಆಗಾಗ ಒಬ್ಬರದನ್ನು ಒಬ್ಬರಿಗೆ ಸೇರಿಸಿಕೊಳ್ಳುತ್ತೇವೆ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. "ಆದ್ರೂ ಅಂಬೋನ್‌ನದ್ದು ಯಾವಾಗ ಬೇಕಾದ್ರೂ ಸಿಗುತ್ತಲ್ವಾ" ಎಂದರು. ಇದ್ದದ್ದನ್ನು ಬರೆದಿದ್ದೇನೆ, ನನ್ನ ಮೇಲೆ ಹಾರಬೇಡ.

ಇನ್ನು ನಿನ್ನ ಹೊಟ್ಟೆಕಿಚ್ಚಿನ ವಿಷಯ. ಶರಿಫಾ ಅಕ್ಕನಿಗೆ ಐವತ್ನಾಲ್ಕು ವರ್ಷ. ಮೂವತ್ತೊಂದು ವರ್ಷದಿಂದ ಬಂದರಿನಲ್ಲಿ ನೀರಿನ ಅಳತೆಯ ಕೋಲು ಓದುವುದು ಅವರ ಕೆಲಸ. ಬೆಳಗಿನ ಅಳತೆ ಬರೆದು ಮುಗಿಸಿ, ಕರಿದ ಬಾಳೆಹಣ್ಣಿನ ಪೊಟ್ಟಣ ಹಿಡಿದು ನನ್ನ ಮೇಜಿಗೆ ಬರುತ್ತಾರೆ. ಕನ್ನಡಕಕ್ಕೆ ದಾರ ಕಟ್ಟಿದ್ದಾರೆ. ಎರಡು ಬೆರಳಲ್ಲಿ ಟೈಪ್ ಮಾಡುತ್ತಾರೆ. ಇಷ್ಟೇ ನಿನ್ನ ಸವತಿ!

ಆದರೆ ಕಂಡುಹಿಡಿದದ್ದು ಅವರೇ. ನಿಮ್ಮ ದ್ವೀಪದ ಪೂರ್ವ ದಂಡೆಯಲ್ಲಿ ನೀರು ತಿರುಗುವುದು ನಮ್ಮ ಪಟ್ಟಿಗಿಂತ ಇಪ್ಪತ್ತೊಂದು ನಿಮಿಷ ಮುಂಚೆ. ಲಂಬೇರ್ತಾ ಅತ್ತೆಯ ಬುಟ್ಟಿ ಹೋದದ್ದು ಅದಕ್ಕೇ. ಹೇಗೆ ಕಂಡುಹಿಡಿದರು ಎಂಬುದೆಲ್ಲ ಲಾಗ್‌ನಲ್ಲಿದೆ, ಓದು.

ನಿನ್ನ ಹೊಸ ಕೆಲಸವನ್ನೂ ಇದನ್ನೂ ಮರ್ಜ್ ಮಾಡಿ, ಒಂದು ಮಾಡಿ, ಮುಂದಿನ ಹಡಗಿಗೆ ಕಳಿಸು. ಸಭೆಯ ಹೊತ್ತಿಗೆ ನಮ್ಮೆರಡು ಪ್ರತಿಗಳು ಒಂದೇ ಆಗಿದ್ದರೆ ಸಾಕು. ಯಾರದ್ದು ಎಂಬ ಜಗಳವೇ ಇರುವುದಿಲ್ಲ.

ಅಮ್ಮ ನಿನ್ನ ಕೈಯ ಎಂಬಾಲ್ ರೊಟ್ಟಿ ಕೇಳಿದ್ದಾಳೆ. ಡಬ್ಬಿಯಲ್ಲಿ ಜಾಗ ಇದೆ.

ನಿನ್ನ
ಡೋರ್ಕಾಸ್


ಓಹೊಯ್ನಾನ್
11 ಜೂನ್ 2018

ಡೋರ್ಕಾಸ್,

ಎಲ್ಲ ಸೇರಿಸಿದ್ದೇನೆ. ಪೆನ್‌ಡ್ರೈವಿನಲ್ಲಿದೆ. ಇಪ್ಪತ್ತೊಂದು ನಿಮಿಷದ ತಿದ್ದುಪಡಿ ಸರಿ ಇದೆ, ಇಲ್ಲಿ ದಂಡೆಯಲ್ಲಿ ನಿಂತು ಎರಡು ಸಲ ನೋಡಿದೆ. ಹತ್ತಿರದ ಮೂರು ಊರಿನವರು ಈಗಾಗಲೇ ನನ್ನಿಂದ ಹೊಸ ಪ್ರತಿ ತೆಗೆದುಕೊಂಡು ಹೋಗಿದ್ದಾರೆ.

ಎಂಬಾಲ್ ಮಾಡಲು ಆಗಲಿಲ್ಲ.

ಓವಿ


ಅಂಬೋನ್
25 ಜೂನ್ 2018

ಓವಿ,

ನಿನ್ನ ಪ್ರತಿ ನನ್ನ ಪ್ರತಿಗೆ ಹೊಂದುತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಡಬ್ಬಿ ತೆರೆದಾಗ ಯಂತ್ರ ಹೇಳಿತು: ಏಪ್ರಿಲ್ 9ರ ತನಕ ಎರಡೂ ಒಂದೇ, ಅಲ್ಲಿಂದಾಚೆ ನಿನ್ನಲ್ಲಿ ಇಪ್ಪತ್ನಾಲ್ಕು ಬೇರೆ, ನನ್ನಲ್ಲಿ ನಲವತ್ತೊಂದು ಬೇರೆ.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಸಾಲು ಸಾಲಾಗಿ ಎಣಿಸಿದೆ. ಶರಿಫಾ ಅಕ್ಕನ ಇಪ್ಪತ್ತೇಳು ಕಮಿಟ್ ನಿನ್ನಲ್ಲಿ ಇಲ್ಲ. ಅವುಗಳ ಜಾಗದಲ್ಲಿ ಒಂದೇ ಒಂದಿದೆ. 'ಪೂರ್ವ ದಂಡೆಯ ತಿದ್ದುಪಡಿ.' ಬರೆದವರು: ಒಕ್ತೋವಿನಾ ಯಮ್ಲಿಯಾನ್. ಅದರ ಮೇಲೆ ನನ್ನ ಹದಿನಾಲ್ಕು, ಅದರ ಮೇಲೆ ನಿನ್ನ ಒಂಬತ್ತು.

ನಿನಗೆ ನಾನು ಪಾಠ ಹೇಳಬೇಕಾಗಿಲ್ಲ. ಪ್ರತಿ ಕಮಿಟ್‌ಗೂ ನಲವತ್ತು ಅಕ್ಷರದ ಒಂದು ಗುರುತು ಇರುತ್ತದೆ. ಒಳಗಿನ ವಿಷಯ, ಬರೆದವರ ಹೆಸರು, ಹೊತ್ತು, ಅದರ ಹಿಂದಿನ ಕಮಿಟ್‌ನ ಗುರುತು, ಎಲ್ಲ ಸೇರಿ ಆ ಗುರುತಾಗುತ್ತದೆ. ನಡುವೆ ಒಂದು ಹೆಸರು ಬದಲಾಯಿಸಿದರೆ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ನನ್ನ ಹದಿನಾಲ್ಕನ್ನು ನೀನು ಮುಟ್ಟಿಲ್ಲ, ಆದರೂ ಅವು ನನ್ನ ಗುರುತು ಕಳೆದುಕೊಂಡಿವೆ. ಸಿಕ್ಕಿಬೀಳುತ್ತೇನೆ ಎಂದು ಗೊತ್ತಿದ್ದೇ ಮಾಡಿದೆಯಾ? ಅಥವಾ ನಾನು ನೋಡುವುದಿಲ್ಲ ಎಂದುಕೊಂಡೆಯಾ?

ಮರ್ಜ್ ಮಾಡು ಎಂದರೆ ಯಂತ್ರ ಮಾಡಿಬಿಡುತ್ತದೆ. ಆಗ ಅದೇ ಕೆಲಸ ಲಾಗ್‌ನಲ್ಲಿ ಎರಡು ಸಲ ಕಾಣುತ್ತದೆ, ಅವರ ಹೆಸರಲ್ಲಿ ಇಪ್ಪತ್ತೇಳು, ಸುಮಾರು ಎರಡು ತಿಂಗಳು ಬಿಟ್ಟು ನಿನ್ನ ಹೆಸರಲ್ಲಿ ಒಂದು. ಹನ್ನೊಂದು ಊರಿನವರೂ ಓದುತ್ತಾರೆ. ಅದಕ್ಕೇ ಮಾಡಿಲ್ಲ. ಹಾಗೇ ಬಿಟ್ಟರೆ ಎಂಟು ಊರಿನ ಹಲಗೆಯ ಮೇಲೆ ಹಳೆಯ ಹೊತ್ತೇ ಇರುತ್ತದೆ. ಅಕ್ಟೋಬರ್‌ನಲ್ಲಿ ನೀರು ಹೋಗುವ ದೂರ ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಡಬ್ಬಿ ತೆರೆದಾಗ ಶರಿಫಾ ಅಕ್ಕ ನನ್ನ ಪಕ್ಕದಲ್ಲೇ ಇದ್ದರು. ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಆ ಬಾಳೆಹಣ್ಣು ತಣ್ಣಗಾಗ್ತಿದೆ, ತಿನ್ನು" ಎಂದರು. ಅಷ್ಟೇ.

ಇನ್ನೊಂದು ವಿಷಯ. ನೀನು ಹೆಸರು ಓದಿದೆ, ಗಂಟೆ ಓದಿದೆ. ಪ್ರತಿ ಕಮಿಟ್ ಜೊತೆ ಬರೆದಿಡುವ ಸಂದೇಶ ಓದಲಿಲ್ಲ. ಅವರು ಲೆಕ್ಕ ಕಟ್ಟಿದ್ದು ನಿನ್ನ ನೋಟುಪುಸ್ತಕದಿಂದ. 2016ರಲ್ಲಿ ಡಬ್ಬಿಯಲ್ಲಿ ಕಳಿಸಿದ್ದೆಯಲ್ಲ, ಆರು ತಿಂಗಳು ದಂಡೆಯಲ್ಲಿ ಕೋಲು ನೆಟ್ಟು ಬರೆದದ್ದು, ಇನ್ನೂರ ಹನ್ನೆರಡು ಅಳತೆ. ನಾನು ಅದನ್ನು ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದೆ. ಅವರು ತೆಗೆದು ಓದಿದರು. ಇಪ್ಪತ್ತೇಳು ಕಮಿಟ್‌ಗಳ ಕೊನೆಯ ಸಾಲೂ ಒಂದೇ: 'ಅಳತೆ: ಒಕ್ತೋವಿನಾ ಯಮ್ಲಿಯಾನ್, ಓಹೊಯ್ನಾನ್.'

ಒಂದು ಕಡೆ ನಿನ್ನ ಹೆಸರು ಬರೆಯುವುದಕ್ಕೆ ಇಪ್ಪತ್ತೇಳು ಕಡೆ ನಿನ್ನ ಹೆಸರು ಅಳಿಸಿದ್ದೀಯ.

ಡೋರ್ಕಾಸ್


ಅಂಬೋನ್
23 ಜುಲೈ 2018

ಒಕ್ತೋವಿನಾ ತಂಗಿಗೆ,

ಎರಡು ಹಡಗು ಬಂದವು, ಡಬ್ಬಿ ಬರಲಿಲ್ಲ. ಎಲಿಯಾಸ್‌ನನ್ನು ವಿಚಾರಿಸಿದರೆ "ಕೊಟ್ಟರೆ ತಾನೇ ತರೋದು" ಎಂದ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಇದು ಡೋರ್ಕಾಸ್‌ಗೆ ಗೊತ್ತಿಲ್ಲ.

ನನ್ನ ಹೆಸರು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಐವತ್ನಾಲ್ಕಕ್ಕೆ ಹೊಸ ಕೆಲಸ ಕಲಿತವಳು ನಾನು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಕೊನೆಯ ಸಾಲು ಹೋದದ್ದಕ್ಕೆ. ನಮ್ಮ ಬಂದರಿನ ಪುಸ್ತಕದಲ್ಲಿ, ಓದಿದವರು ಯಾರು ಎಂದು ಬರೆಯದ ಅಳತೆಯನ್ನು ಅಳತೆ ಎನ್ನುವುದಿಲ್ಲ, ಕೆಂಪು ಗೆರೆ ಎಳೆಯುತ್ತೇವೆ. ನಾಳೆ ಇಪ್ಪತ್ತೊಂದು ನಿಮಿಷ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಿನ್ನ ಪ್ರತಿಯಲ್ಲಿ ಉತ್ತರ ಇಲ್ಲ.

ಇನ್ನೊಂದು ಮಾತು. ಬೆಳಿಗ್ಗೆ ನಾವಿಬ್ಬರೂ ನಗುತ್ತಾ ಕೂತಿರುತ್ತೇವೆ ಎಂದು ನೀನು ಅಂದುಕೊಂಡಿದ್ದೀಯಂತೆ. ಆ ಹುಡುಗಿ ಬಾಯಿ ತೆಗೆದರೆ "ಓವಿ ಹೀಗೆ ಮಾಡ್ತಿದ್ಲು, ಓವಿ ಆಗಿದ್ದಿದ್ರೆ ಇದನ್ನ ಎರಡೇ ಸಾಲಲ್ಲಿ ಬರೀತಿದ್ಲು." ಕೇಳಿ ಕೇಳಿ ನನಗೆ ಸಾಕಾಗಿದೆ. ನೋಡದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಡುವವಳು ನೀನೊಬ್ಬಳೇ ಎಂದು ತಿಳಿಯಬೇಡ.

ಅಕ್ಟೋಬರ್ ಅಮಾವಾಸ್ಯೆಗೆ ನನ್ನ ಅಳತೆಯ ಕೋಲು ತೆಗೆದುಕೊಂಡು ಅಲ್ಲಿಗೆ ಬರುವುದಕ್ಕೆ ರಜೆ ಕೇಳಿದ್ದೇನೆ.

ಶರಿಫಾ ತುವಾನಾಯಾ


ಓಹೊಯ್ನಾನ್
6 ಆಗಸ್ಟ್ 2018

ಡೋರ್ಕಾಸ್,

ನಾನು ಮಾಡಿದ್ದು ತಪ್ಪು. ಶರಿಫಾ ಅವರ ಕಾಗದ ಬಂತು, ಅವರಿಗೂ ಬರೆದಿದ್ದೇನೆ. ಆ ಮಾತು ಅಲ್ಲಿಗೆ ಮುಗಿಯಿತು. ಇದು ನಿನಗೆ ಮಾತ್ರ.

ಯಂತ್ರ ತಾನಾಗಿ ಯಾರ ಹೆಸರನ್ನೂ ತಿಳಿದುಕೊಳ್ಳುವುದಿಲ್ಲ. ಕೂತವರು ಯಾರೇ ಇರಲಿ, ಯಾರೋ ಒಮ್ಮೆ ಟೈಪ್ ಮಾಡಿಟ್ಟ ಹೆಸರನ್ನೇ ಪ್ರತಿ ಸಲ ಹಾಕುತ್ತದೆ. ಇದನ್ನು ನಾನು ಕಲಿತದ್ದು ಎಲ್ಲಿ ಎಂದು ನಿನಗೆ ಗೊತ್ತಾ? ಮೆತಿಯ ಲಾಗ್‌ನ ಅಡಿಗೆ ಹೋಗು. 2012ರ ಮಾರ್ಚ್, ಏಪ್ರಿಲ್. ಪಾಲಿಟೆಕ್ನಿಕ್‌ನ ಲ್ಯಾಬ್, ಕಿಟಕಿ ಪಕ್ಕದ ಮೂರನೇ ಕಂಪ್ಯೂಟರ್. ನಾವಿಬ್ಬರೂ ಸರದಿ ಮೇಲೆ ಕೂರುತ್ತಿದ್ದೆವು. ಅದರಲ್ಲಿ ನಿನ್ನ ಹೆಸರು ಹಾಕಿಟ್ಟಿತ್ತು. ನಾನು ನೋಡಲಿಲ್ಲ. ಚಂದ್ರನ ಕಡತ ಪೂರ್ತಿ, ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ, ಪಟ್ಟಿ ಮುದ್ರಿಸುವ ಭಾಗ. ಅರವತ್ತಮೂರು ಕಮಿಟ್ ನನ್ನವು. ಅರವತ್ತಮೂರರ ಎದುರಿಗೂ ಇರುವ ಹೆಸರು ಡೋರ್ಕಾಸ್ ಲಾತುಮೆತೆನ್.

ಊರಿಗೆ ಬಂದು ನನ್ನದೇ ಕಂಪ್ಯೂಟರಿಗೆ ಪ್ರತಿ ಇಳಿಸಿಕೊಂಡ ದಿನ ಕಂಡೆ. ಅಮ್ಮನಿಗೆ ನನ್ನ ಕೆಲಸ ತೋರಿಸೋಣ ಎಂದು ತೆರೆದಿದ್ದೆ. ಅಮ್ಮ ಬೆರಳಿಟ್ಟು ಓದಿದಳು. "ನಿಂದು ಎಲ್ಲೇ ಇದೆ?" ಎಂದಳು. ಕೆಳಗೆ ಹೋದಂತೆಲ್ಲ ನಿನ್ನ ಹೆಸರೇ. ಅಡಿಯಿಂದ ಎಣಿಸಿದರೆ ನನ್ನ ಹೆಸರು ಮೊದಲು ಬರುವುದು ಅರವತ್ತಮೂರು ದಾಟಿದ ಮೇಲೆ, ಒಂದು ಕಾಗುಣಿತ ತಿದ್ದಿದ್ದಕ್ಕೆ.

ಆರು ವರ್ಷ ಇದನ್ನು ನಿನಗೆ ಬರೆಯಲಿಲ್ಲ. ನೀನೇ ನೋಡಿ ಹೇಳುತ್ತೀಯ ಎಂದು ಕಾದೆ. ಪ್ರತಿ ಡಬ್ಬಿ ತೆರೆದಾಗಲೂ ಮೊದಲು ಕಾಗದ ಓದುತ್ತಿದ್ದೆ, ಆಮೇಲೆ ಪೆನ್‌ಡ್ರೈವ್. ಆ ಮಾತಿರಲಿಲ್ಲ. ಕೊನೆಗೊಂದು ಡಬ್ಬಿಯಲ್ಲಿ ಬೇರೊಬ್ಬಳ ಹೆಸರು ಬಂತು. ಅವಳಿಗೆ ನೀನು ಮೊದಲ ದಿನವೇ ಅವಳ ಹೆಸರು ಹಾಕಿಕೊಟ್ಟಿದ್ದೆ. ನಾನು ಅದನ್ನು ನೋಡಿದೆ. ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಸರಿಯಾದ ಹೆಸರಲ್ಲಿ.

ನಿನಗೆ ಗೊತ್ತಿತ್ತಾ ಇಲ್ಲವಾ, ಅಷ್ಟು ಬರೆ.

ಓವಿ


ಅಂಬೋನ್
20 ಆಗಸ್ಟ್ 2018

ಓವಿ,

ಗೊತ್ತಿತ್ತು.

ಎರಡನೇ ವಾರವೇ ಕಂಡಿತು. ಕಂಡಾಗ ನಗು ಬಂತು, ನೀನು ಬಂದ ತಕ್ಷಣ ಹೇಳೋಣ ಎಂದುಕೊಂಡೆ. ಅದೇ ಮಧ್ಯಾಹ್ನ ಮೇಷ್ಟರು ಬಂದು ಲಾಗ್ ನೋಡಿದರು. "ಡೋರ್ಕಾಸ್, ಚಂದ್ರನ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೀಯಲ್ಲ!" ಎಂದರು. ಅದಕ್ಕೆ ಮೊದಲು ಅವರು ನನ್ನನ್ನು ಹೊಗಳಿದ್ದೇ ಇಲ್ಲ. ಹೊಗಳಿಕೆ ಯಾವಾಗಲೂ ನಿನ್ನ ಪಾಲು. ನಾನು ನಿನ್ನ ಪಕ್ಕದಲ್ಲಿ ಕೂತು, ನೀನು ಒಂದು ಗಂಟೆಯಲ್ಲಿ ಬರೆದದ್ದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಎರಡು ದಿನ ತೆಗೆದುಕೊಳ್ಳುತ್ತಿದ್ದೆ. ನೀನು ಈ ಕಾಗದಗಳಲ್ಲಿ ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವುದನ್ನು ಓದಿದಾಗ ನಗು ಬರುತ್ತದೆ, ಯಾಕೆಂದರೆ ಅದರಲ್ಲಿ ನಾನು ನಿನಗಿಂತ ಮೊದಲಿನವಳು.

ಹೇಳದೆ ಒಂದು ದಿನ ಕಳೆಯಿತು. ಆಮೇಲೆ ಒಂದು ವಾರ. ಆಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತಿದ್ದೆ. ಈ ಕೆಲಸದ ಸಂದರ್ಶನಕ್ಕೆ ಹೋದಾಗ ಆ ಲಾಗ್ ಅಚ್ಚುಹಾಕಿಸಿ ತೆಗೆದುಕೊಂಡು ಹೋಗಿದ್ದೆ. ಈಗ ಇದೂ ನಿನಗೆ ಗೊತ್ತಾಯಿತು.

ಸರಿಪಡಿಸುವುದಕ್ಕೆ ಎರಡು ದಾರಿ ಇದೆ. ಮೊದಲನೆಯದು: 2012ರಿಂದ ಶುರುಮಾಡಿ ಅರವತ್ತಮೂರರಲ್ಲೂ ಹೆಸರು ಬದಲಾಯಿಸುವುದು. ಆಗ ಆರು ವರ್ಷದ ಎಲ್ಲ ಗುರುತುಗಳೂ ಬದಲಾಗುತ್ತವೆ. ಹನ್ನೊಂದು ಊರಿನ ಪ್ರತಿಯೂ ನಮ್ಮ ಪ್ರತಿಗೆ ಹೊಂದುವುದಿಲ್ಲ, ಎಲ್ಲರೂ ಹಳೆಯದನ್ನು ಬಿಸಾಡಿ ಹೊಸದಾಗಿ ಇಳಿಸಿಕೊಳ್ಳಬೇಕು. ನೀನು ಮಾಡು ಎಂದರೆ ಮಾಡುತ್ತೇನೆ, ನಾನೇ ಹನ್ನೊಂದು ಊರಿಗೂ ಬರುತ್ತೇನೆ.

ಎರಡನೆಯದು: ಹಳೆಯದನ್ನು ಮುಟ್ಟದೆ, ಮೇಲೊಂದು ಹೊಸ ಕಮಿಟ್ ಹಾಕುವುದು. ಅದನ್ನು ಬರೆದು ಈ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ. ಒಂದೇ ಕಡತ. ಅರವತ್ತಮೂರು ಗುರುತುಗಳ ಪಟ್ಟಿ, ಕೆಳಗೆ ನಾಲ್ಕು ಸಾಲು: 'ಮೇಲಿನವೆಲ್ಲ ಒಕ್ತೋವಿನಾ ಯಮ್ಲಿಯಾನ್ ಬರೆದವು. ನನ್ನ ಹೆಸರಿನಲ್ಲಿ ಇರುವುದು ತಪ್ಪು. ಇದು ನನಗೆ 2012ರ ಮಾರ್ಚ್‌ನಿಂದ ಗೊತ್ತಿತ್ತು. ಹೇಳಲಿಲ್ಲ. ಡೋರ್ಕಾಸ್ ಲಾತುಮೆತೆನ್.'

ತೆಗೆದುಕೊಳ್ಳುವುದು ಬಿಡುವುದು ನಿನ್ನ ಕೈಯಲ್ಲಿದೆ. ನಿನ್ನ ಪ್ರತಿಗೆ ನಾನು ಏನನ್ನೂ ತುರುಕಲಾರೆ.

ಡೋರ್ಕಾಸ್


ಓಹೊಯ್ನಾನ್
3 ಸೆಪ್ಟೆಂಬರ್ 2018

ಡೋರ್ಕಾಸ್,

ನಿನ್ನ ಕಮಿಟ್ ತೆಗೆದುಕೊಂಡೆ. ಎರಡನೆಯ ದಾರಿಯೇ ಇರಲಿ. ಅರವತ್ತಮೂರರ ಎದುರಿಗೆ ನಿನ್ನ ಹೆಸರು ಹಾಗೇ ಇರಲಿ, ಅದರ ಮೇಲೆ ನಿನ್ನ ಮಾತೂ ಇರಲಿ. ಓದುವವರು ಎರಡನ್ನೂ ಓದಲಿ.

ನನ್ನ ಸುಳ್ಳು ಕಮಿಟ್ ತೆಗೆದುಹಾಕಿದ್ದೇನೆ. ಶರಿಫಾ ಅವರ ಇಪ್ಪತ್ತೇಳನ್ನು ಅವರ ಹೆಸರಿನಲ್ಲಿ, ಅವರ ಸಂದೇಶಗಳ ಸಮೇತ, ನಿನ್ನ ಪೆನ್‌ಡ್ರೈವಿನಿಂದ ಮತ್ತೆ ತಂದುಕೊಂಡೆ. ಈ ಸಲ ಸಂದೇಶ ಓದಿದೆ. ಹದಿನೆಂಟನೆಯದರಲ್ಲಿ 'ಜುಲೈ 20ರ ಅಳತೆ ಬಿಟ್ಟುಹೋಗಿದೆ, ಅಂದು ಬರೆದವರಿಗೆ ಜ್ವರವಂತೆ' ಎಂದಿದೆ. ಪುಸ್ತಕದ ಅಂಚಿನಲ್ಲಿ ನಾನು ಸಣ್ಣದಾಗಿ ಬರೆದಿದ್ದೆ, ಅದನ್ನೂ ಓದಿದ್ದಾರೆ. ಅವರು ಒಳ್ಳೆಯವರು. ನನಗೆ ತಡೆಯಲಾಗದಿರುವುದು ಅದೇ.

ಜೂನ್‌ನಲ್ಲಿ ನನ್ನ ಪ್ರತಿ ತೆಗೆದುಕೊಂಡಿದ್ದ ಮೂರು ಊರಿಗೂ ಹೋಗಿ, ಅದನ್ನು ತೆಗೆಸಿ, ಸರಿಯಾದದ್ದು ಹಾಕಿಸಿ ಬಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಮೂರನೇ ಊರಿನ ದಾದಿ, "ಅಷ್ಟಕ್ಕಾ ಇಷ್ಟು ದೂರ ಬಂದಿದ್ದು? ನಾನ್ಯಾವತ್ತು ಹೆಸರು ಓದಿದ್ದೀನಿ!" ಎಂದು ನಕ್ಕಳು. ಎರಡನೇ ಊರಿನ ಮೇಷ್ಟರು ನಗಲಿಲ್ಲ.

ಕೊನೆಯ ಮರ್ಜ್ ನನ್ನದು. ನಿನ್ನ ಸಾಲು ನನ್ನ ಸಾಲು ಅಲ್ಲಿ ಕೂಡುತ್ತವೆ. ಜೂನ್‌ನಲ್ಲಿ ನಾನು ಮಾಡಿದ್ದನ್ನು ಅದರ ಸಂದೇಶದಲ್ಲಿ ಬರೆದಿದ್ದೇನೆ, ನೀನು ಬರೆದಷ್ಟೇ ಉದ್ದ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ನಿನ್ನ ಅಮ್ಮನಿಗೆ ಎಂಬಾಲ್ ಇಟ್ಟಿದ್ದೇನೆ. ಅಮ್ಮನಿಗೆ ಮಾತ್ರ.

ಓವಿ


ಓಹೊಯ್ನಾನ್
11 ಅಕ್ಟೋಬರ್ 2018

ಡೋರ್ಕಾಸ್,

ನಿನ್ನೆ ಮಧ್ಯಾಹ್ನ ನೀರು 2 ಗಂಟೆ 57 ನಿಮಿಷಕ್ಕೆ ತಿರುಗಿತು. ಕೋಲು ಓದಿದವರು ಶರಿಫಾ ತುವಾನಾಯಾ, ಗಡಿಯಾರ ಹಿಡಿದವಳು ನಾನು. ಹಳೆಯ ಪಟ್ಟಿಯಲ್ಲಿ 3.18 ಇತ್ತು. ಹೊಸದರಲ್ಲಿ 2.57.

ಸೆಪ್ಟೆಂಬರ್ ಸಭೆಯ ವಿಷಯ ನೀನು ಫೋನಿನಲ್ಲಿ ಅರ್ಧ ಕೇಳಿದ್ದೀಯ, ಉಳಿದರ್ಧ ಇದು. ಯಾರ ಪ್ರತಿ ಎಂದು ಬೆರ್ತುಸ್ ಚರ್ಚೆಗೆ ಎತ್ತಿದರು. ನಾನು ಎದ್ದು ನನ್ನ ಪ್ರತಿಯ ಕೊನೆಯ ಗುರುತಿನ ಮೊದಲ ಏಳು ಅಕ್ಷರ ಓದಿದೆ. ನೀನು ಆ ಕಡೆಯಿಂದ ಓದಿದ ಏಳು ಅಕ್ಷರವನ್ನು ಅವರೇ ಫೋನ್ ಎತ್ತಿಹಿಡಿದು ಎಲ್ಲರಿಗೂ ಕೇಳಿಸಿದರು. "ಒಂದೇ ಇದೆಯಲ್ಲ" ಎಂದರು. ಕೊನೆಯದು ಒಂದೇ ಆದರೆ ಹಿಂದಿನದೆಲ್ಲ ಒಂದೇ, ಹತ್ತಿರ ಯಾವುದು ಸಿಗುತ್ತದೋ ಅದರಿಂದ ತೆಗೆದುಕೊಳ್ಳಿ ಎಂದೆ. "ಹಾಗಾದ್ರೆ ಸಭೆ ಯಾಕೆ ಕರೆದ್ರಿ, ಊಟಕ್ಕಾ?" ಎಂದು ಲಂಬೇರ್ತಾ ಅತ್ತೆ ಕೂಗಿದಳು. ತೀರ್ಮಾನ ಬರೆಯದೆ ಸಭೆ ಮುಗಿಯಿತು. ಆಮೇಲೆ ಊಟವೂ ಇತ್ತು.

ನಿನ್ನೆ ನೀರು ತಿರುಗುವ ಕಾಲು ಗಂಟೆ ಮೊದಲು ನಾನು ಶಂಖ ಊದಿಸಿದೆ. ಅತ್ತೆ ಕೊನೆಯವಳಾಗಿ, ಪಾದ ಒದ್ದೆ ಮಾಡಿಕೊಳ್ಳದೆ ಬಂದಳು. ಬುಟ್ಟಿ ತುಂಬಿತ್ತು. ಶರಿಫಾ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಸಮುದ್ರಕ್ಕೆ ಬುದ್ಧಿ ಹೇಳಿದ್ದು ಈ ಹೆಂಗಸೇನೇ?"

"ನಾನಲ್ಲ, ಪುಸ್ತಕ ಬರೆದಿದ್ದು ಇವಳು. ನಾನು ಓದಿದೆ ಅಷ್ಟೇ," ಎಂದರು ಶರಿಫಾ.

ಅತ್ತೆ ನನ್ನ ಕಡೆ ತಿರುಗಿದಳು. "ಓದೋಕೆ ಅಂಬೋನ್‌ನಿಂದ ಜನ ಬರಬೇಕಾಯ್ತಾ?"

ಮೂರು ದಿನದಿಂದ ಅವರು ನಮ್ಮ ಮನೆಯಲ್ಲಿದ್ದಾರೆ. ನೀನು ಕಾಫಿಗೆ ಮೂರು ಚಮಚ ಸಕ್ಕರೆ ಹಾಕುವುದನ್ನು ಬಿಟ್ಟದ್ದು ಅವರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಲ್ಯಾಬಿನ ಕಿಟಕಿಯಿಂದ ನಾವಿಬ್ಬರೂ ಇಳಿದು ಓಡಿದ್ದು ಅವರಿಗೆ ಗೊತ್ತು, ಅದನ್ನು ನೀನು ಅವರಿಗೆ ಹೇಳಬೇಕಾಗಿರಲಿಲ್ಲ. ಒಂದೊಂದು ಮಾತಿಗೂ ಹೊಟ್ಟೆಕಿಚ್ಚಾಗುತ್ತದೆ. ಇದನ್ನು ಅವರಿಗೇ ಹೇಳಿದೆ. "ನನಗೂ ಹಾಗೇ ಆಗ್ತಿದೆ, ನಿನ್ನ ಮನೇಲಿ ಅವಳ ಮೂರು ಫೋಟೋ ಇದೆ" ಎಂದರು.

ನಿನ್ನೆ ಸಂಜೆ ಆ ಅಳತೆಯನ್ನು ಮೆತಿಗೆ ಸೇರಿಸಬೇಕಾಗಿತ್ತು. ಓದಿದವರೇ ಬರೆಯಲಿ ಎಂದು ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಎರಡು ಬೆರಳು ಎತ್ತಿದರು. "ಒಂದು ನಿಮಿಷ ತಾಳಿ ಅಕ್ಕಾ" ಎಂದೆ. ಬಗ್ಗಿ, ನನ್ನ ಕಂಪ್ಯೂಟರಿನಲ್ಲಿ ನನ್ನ ಹೆಸರು ತೆಗೆದು ಅವರ ಹೆಸರು ಹಾಕಿದೆ. ಆಮೇಲೆ ಬರೆಯಿರಿ ಎಂದೆ.

ಎರಡು ಸಾಲು ಟೈಪ್ ಮಾಡಿದರೆ ಆಯಿತು, ಡೋರ್ಕಾಸ್. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಗೋಪುರ ಕೆಲಸ ಮಾಡುತ್ತಿದೆ, ಆ ಕಮಿಟ್ ನಿನಗೆ ಈಗಾಗಲೇ ತಲುಪಿರುತ್ತದೆ. ಕಾಗದ ಮಾತ್ರ ಡಬ್ಬಿಯಲ್ಲೇ ಕಳಿಸುತ್ತಿದ್ದೇನೆ. ಎಂಬಾಲ್ ಎರಡು ಪೊಟ್ಟಣ ಇದೆ. ಒಂದರ ಮೇಲೆ ನಿನ್ನ ಹೆಸರು ಬರೆದಿದ್ದೇನೆ.

ಹಡಗು ನಾಳೆ, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ತುವಾಲ್ ಬಿಡುತ್ತದೆ. ಡಬ್ಬಿ ಶರಿಫಾ ಅಕ್ಕನ ಕೈಯಲ್ಲಿರುತ್ತದೆ.

ಮೂವರಲ್ಲಿ ಒಬ್ಬಳು,
ಓವಿ